ತುಟಿ ಓದಿದ ಮಳೆಗಾಲ

ಮೊನ್ನೆ ಪರೇಲಿನ ಆಸ್ಪತ್ರೆಯೊಂದರಲ್ಲಿ ನನ್ನ ಕಿವಿಯ ಪರೀಕ್ಷೆ ನಡೆಯಿತು. ಜೊತೆಗೆ ಮೊಮ್ಮಗಳು ಬಂದಿದ್ದಳು. ಪರೀಕ್ಷೆ ಮಾಡುವ ಹುಡುಗಿ ನನ್ನೆದುರು ಕುಳಿತು ಒಂದೊಂದೇ ಶಬ್ದ ಹೇಳುವುದು, ನಾನು ಅದನ್ನು ತಿರುಗಿ ಹೇಳುವುದು. ಹತ್ತಕ್ಕೆ ಹತ್ತೂ ಸರಿ ಹೇಳಿದೆ! ಹುಡುಗಿಗೆ ದಿಗಿಲು. ಯಂತ್ರದಿಂದ ಬಂದ ಕಾಗದ ನೋಡಿದರೆ ಈ ಮುದುಕನಿಗೆ ಗುಡುಗು ಕೂಡ ಕೇಳಿಸಬಾರದು. ಉತ್ತರ ನೋಡಿದರೆ ಒಂದೂ ತಪ್ಪಿಲ್ಲ.

"ದೀದಿ, ಯೇ ಚೀಟಿಂಗ್ ಕರ್ ರಹೇ ಹೈ," ಎಂದಳು ನನ್ನ ಮೊಮ್ಮಗಳು. "ಅಜ್ಜ ತುಟಿ ನೋಡಿ ಹೇಳ್ತಾರೆ. ಮಿಲ್‌ನಲ್ಲಿದ್ದವರು."

ಹುಡುಗಿ ನಕ್ಕು, ಮೇಜಿನ ಮೇಲಿದ್ದ ನೀಲಿ ಫೈಲನ್ನು ಬಾಯಿಗೆ ಅಡ್ಡ ಹಿಡಿದಳು. ಅಷ್ಟೇ, ಲೋಕದ ಬಾಗಿಲು ಮುಚ್ಚಿತು. ಒಂದು ಶಬ್ದವೂ ನನ್ನ ತನಕ ಬರಲಿಲ್ಲ. ನಾನು ಮಾತ್ರ ಆ ಫೈಲನ್ನೇ ನೋಡುತ್ತ ಕುಳಿತುಬಿಟ್ಟೆ. ಐವತ್ತು ವರ್ಷಗಳ ಹಿಂದೆ ಹೀಗೆಯೇ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನನ್ನನ್ನು ನೋಡಿ ನಗುತ್ತಿದ್ದ ಒಬ್ಬರು ಆ ಫೈಲಿನ ಹಿಂದೆ ಬಂದು ಕುಳಿತಂತಾಯಿತು.

ನಮ್ಮ ಕನ್ನಡ ಕ್ರೈಸ್ತ ಸಭೆಯವರು ಈ ವರ್ಷ ಸ್ಮರಣಸಂಚಿಕೆ ತರುತ್ತಿದ್ದಾರೆ. "ಹಿರಿಯರೇ, ಆ ಪ್ರವಾದನೆಯ ಸಂಗತಿ ನೀವೇ ಬರೆದುಕೊಡಬೇಕು" ಎಂದು ಕೇಳಿ ಎರಡು ತಿಂಗಳಾಯಿತು. ಶೀತ, ಜ್ವರ, ಕನ್ನಡಕ ಒಡೆದಿದೆ ಎಂದೆಲ್ಲ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಆಸ್ಪತ್ರೆಯಿಂದ ಬಂದವನು ಚಪ್ಪಲಿ ಬಿಟ್ಟು ನೇರ ಮೇಜಿಗೆ ಬಂದು ಕುಳಿತೆ. ಸಹೋದರ ಸಹೋದರಿಯರೇ, ಅದು ಪ್ರವಾದನೆ ಆಗಿರಲಿಲ್ಲ. ಹಾ, ಹೇಳಿಬಿಟ್ಟೆ! ಎಂಥ ಹಗುರ!

ಆಗ ನನಗೆ ಇಪ್ಪತ್ತಮೂರು ವರ್ಷ. ಐವತ್ತರ ದಶಕ ಇನ್ನೂ ಅರ್ಧ ದಾಟಿರಲಿಲ್ಲ. ಅಪ್ಪ ಮಂಗಳೂರಿನಲ್ಲಿ ನೇಕಾರರು. ನಾನು ಮಿಶನ್ ಹೈಸ್ಕೂಲು ಮುಗಿಸಿ ಮುಂಬಯಿಗೆ ಬಂದು ಪರೇಲಿನ ಒಂದು ಮಿಲ್ಲಿನಲ್ಲಿ ಎರಡು ಮಗ್ಗ ನೋಡಿಕೊಳ್ಳುತ್ತಿದ್ದೆ. ಮಗ್ಗದ ಶೆಡ್ಡಿಗೆ ಮೊದಲ ದಿನ ಕಾಲಿಟ್ಟಾಗ ಆದ ಪುಳಕ ಇವತ್ತಿಗೂ ಮೈಯಲ್ಲಿದೆ. ನೂರಾರು ಲಾಳಿಗಳು ಒಟ್ಟಿಗೆ ಅತ್ತಿಂದಿತ್ತ ಬಡಿಯುವ ಸದ್ದು! ಅದು ಕಿವಿಗೆ ಕೇಳುವ ಸದ್ದಲ್ಲ, ಹಲ್ಲಿಗೆ ತಾಗುವ ಸದ್ದು. ಗಂಜಿಯ ಹುಳಿವಾಸನೆ, ಎಣ್ಣೆಯ ವಾಸನೆ, ರೆಪ್ಪೆಯ ಮೇಲೆ ಹತ್ತಿಯ ನಯವಾದ ನವಿರು. ಅಲ್ಲಿ ಕಿರುಚಿದರೂ ಪಕ್ಕದವನಿಗೆ ಕೇಳಿಸದು. ಆದರೆ ಅಲ್ಲಿ ಎಲ್ಲರೂ ದಿನವಿಡೀ ಹರಟುತ್ತಿದ್ದರು, ಜೋಕು ಹೊಡೆಯುತ್ತಿದ್ದರು, ಜಗಳವಾಡುತ್ತಿದ್ದರು. ದನಿಯಿಲ್ಲದೆ, ಬರೀ ತುಟಿಯಲ್ಲಿ!

ನನ್ನ ಪಕ್ಕದ ಮಗ್ಗದ ಗಣಪತ್ ರತ್ನಾಗಿರಿ ಕಡೆಯವನು. ಮೊದಲ ದಿನ ಕ್ಯಾಂಟೀನಿನಲ್ಲಿ ಹೇಳಿದ: "ಸಾಮ್ಯಾ, ಕಿವಿಯನ್ನು ಗೇಟಿನಲ್ಲಿ ಬಿಟ್ಟು ಬಾ. ಕಣ್ಣು ಮಾತ್ರ ಒಳಗೆ ತಾ." ನನ್ನ ಹೆಸರು ಸಾಮ್ಯುವೇಲ. ಅವನ ಬಾಯಲ್ಲಿ ಅದು ಸಾಮ್ಯಾ ಆಗಿತ್ತು. ಮರಾಠಿ ತುಟಿ ಓದಲು ಎಂಟು ತಿಂಗಳು ಹಿಡಿಯಿತು. ಎರಡು ವರ್ಷದಲ್ಲಿ ಶೆಡ್ಡಿನ ಆ ತುದಿಯಲ್ಲಿ ನಮ್ಮ ಮೇಸ್ತ್ರಿ ಜಾಬರ್ ಯಾರನ್ನು ಬೈಯುತ್ತಿದ್ದಾನೆ ಎಂದು ಈ ತುದಿಯಲ್ಲಿ ನಿಂತು ಹೇಳಬಲ್ಲವನಾದೆ. ಕನ್ನಡದ ತುಟಿ ಓದಲು ಯಾರೂ ಕಲಿಸಬೇಕಾಗಲಿಲ್ಲ. ತಾಯಿಭಾಷೆಯ ತುಟಿ ತಾನಾಗಿಯೇ ಓದಿಸಿಕೊಳ್ಳುತ್ತದೆ.

ಇನ್ನು ನನ್ನ ಎರಡನೆಯ ವಿದ್ಯೆ, ಪ್ರಾರ್ಥನೆ. ಪರೇಲಿನ ಆಸುಪಾಸಿನ ಚಾಳುಗಳಲ್ಲಿ ನಮ್ಮ ಸಭೆಯ ಹನ್ನೆರಡು ಕುಟುಂಬಗಳಿದ್ದವು. ಬುಧವಾರ ಸಂಜೆ ಸರದಿಯಂತೆ ಒಬ್ಬೊಬ್ಬರ ಖೋಲಿಯಲ್ಲಿ, ಅಂದರೆ ಅವರ ಒಂದೇ ಕೋಣೆಯ ಮನೆಯಲ್ಲಿ, ಕೂಟ. ಹಾಡಾದ ಮೇಲೆ ಎಲ್ಲರೂ ಕಣ್ಣು ಮುಚ್ಚಿ ಸುತ್ತ ಕುಳಿತು, ಬಲಗಡೆಯಿಂದ ಒಬ್ಬರಾದ ಮೇಲೆ ಒಬ್ಬರು ದನಿ ಎತ್ತಿ ಪ್ರಾರ್ಥಿಸಬೇಕು. ಆ ಸರದಿಯಲ್ಲಿ ನನ್ನ ಪ್ರಾರ್ಥನೆಗೆ ಜನ ಕಾಯುತ್ತಿದ್ದರು. ನನ್ನ ದನಿ ಮೊದಲ ಮಹಡಿಯಿಂದ ಮೂರನೆಯ ಮಹಡಿಗೆ ಕೇಳುತ್ತಿತ್ತು. ಕೂಟ ಮುಗಿದ ಮೇಲೆ ಹೆಂಗಸರು "ಸಾಮು ಎಷ್ಟು ಲಾಯ್ಕ ಪ್ರಾರ್ಥನೆ ಮಾಡಿದ್ದು ಮಾರಾಯ್ತಿ" ಎನ್ನುವುದು ಕಿವಿಗೆ ಬಿದ್ದರೆ ಗುರುವಾರದ ಪಾಳಿಯಿಡೀ ಮಗ್ಗ ಹಗುರವಾಗಿ ಓಡುತ್ತಿತ್ತು.

ಈ ಸರದಿಯಲ್ಲಿ ಒಬ್ಬರ ಹತ್ತಿರ ಬಂದಾಗ ಮಾತ್ರ ಪ್ರಾರ್ಥನೆ ನಿಲ್ಲುತ್ತಿತ್ತು. ಅವರು ಸುನಂದಕ್ಕ. ನನಗಿಂತ ಹತ್ತು ವರ್ಷ ದೊಡ್ಡವರು. ಖಾಸಗಿ ಹೆರಿಗೆ ಮನೆಯೊಂದರಲ್ಲಿ ಆಯಾ. ಗಂಡ ಬೆಂಜಮಿನ್ ಹಡಗಿನ ಕೆಲಸದಲ್ಲಿ ಪರದೇಶದಲ್ಲಿದ್ದಾರೆ ಎಂದು ಎಲ್ಲರಿಗೂ ಹೇಳಿದ್ದರು. ಸುನಂದಕ್ಕ ಎಂದೂ ದನಿ ಎತ್ತಿ ಪ್ರಾರ್ಥಿಸುತ್ತಿರಲಿಲ್ಲ. ಅವರ ಸರದಿ ಬಂದಾಗ ಒಂದು ನಿಮಿಷ ಮೌನ. ಆಮೇಲೆ ಅವರು ಪಕ್ಕದವರ ಮೊಣಕೈ ಮುಟ್ಟಿದರೆ ಮುಂದಿನವರು ಶುರು ಮಾಡಬೇಕು. "ಪಾಪ, ಅವಳಿಗೆ ಮಾತು ಜೋಡಿಸ್ಲಿಕ್ಕೆ ಬರುದಿಲ್ಲ" ಎಂದು ನಾವೆಲ್ಲ ತಿಳಿದಿದ್ದೆವು.

ಜೂನ್ ತಿಂಗಳು, ಮಳೆ ಹಿಡಿದ ಮೊದಲ ವಾರ. ಆ ಬುಧವಾರ ನನ್ನ ಸರದಿ ಮುಗಿದಿತ್ತು. ನನ್ನ ಪ್ರಾರ್ಥನೆ ಯಾರ ಮುಖದ ಮೇಲೆ ಎಷ್ಟು ಪರಿಣಾಮ ಮಾಡಿದೆ ಎಂದು ನೋಡಲು ಕಣ್ಣು ತೆರೆದೆ. ಇದೂ ನನ್ನ ಚಾಳಿ, ಇದನ್ನೂ ಬರೆದುಕೊಳ್ಳಿ. ಎದುರಿಗೆ ಬಲ್ಬಿನ ಕೆಳಗೆ ಸುನಂದಕ್ಕ. ಕಣ್ಣು ಮುಚ್ಚಿದೆ, ತುಟಿ ಅಲ್ಲಾಡುತ್ತಿದೆ. ನಾನು ಓದಬೇಕು ಎಂದುಕೊಳ್ಳುವ ಮೊದಲೇ ಕಣ್ಣು ಓದಿಯಾಗಿತ್ತು.

"ಸ್ವಾಮೀ, ಅವರ ಎಡಗೈಯ ಎರಡು ಬೆರಳಾದರೂ ಉಳಿಸು. ವಡಾಲದ ಆ ಕಂಪೌಂಡಿನಲ್ಲಿ ಅವರನ್ನು ಒಂಟಿ ಮಾಡಬೇಡ. ಹಡಗಿನಲ್ಲಿದ್ದಾರೆ ಎಂದು ಎಲ್ಲರಿಗೂ ಸುಳ್ಳು ಹೇಳುತ್ತಿದ್ದೇನೆ, ನನ್ನನ್ನು ಕ್ಷಮಿಸು."

ವಡಾಲದ ಕಂಪೌಂಡು ಎಂದರೆ ಏನೆಂದು ಮುಂಬಯಿಯಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ. ಕುಷ್ಠರೋಗಿಗಳ ಆಸ್ಪತ್ರೆ. ಆ ಕಾಲದಲ್ಲಿ ಆ ಕಾಯಿಲೆಯ ಹೆಸರೆತ್ತಿದರೆ ಜನ ಎದ್ದು ಕೈ ತೊಳೆಯುತ್ತಿದ್ದರು.

ನನಗೆ ಮರುಕ ಬರಬೇಕಿತ್ತು. ಬಂದದ್ದು ರೋಮಾಂಚನ! ಯಾರಿಗೂ ಗೊತ್ತಿಲ್ಲದ್ದು ನನಗೆ ಗೊತ್ತು! ಮುಂದಿನ ಬುಧವಾರ ಬಲ್ಬಿಗೆ ನೇರವಾಗಿ ಜಾಗ ಹಿಡಿದು ಕುಳಿತೆ. ಅದರ ಮುಂದಿನ ಬುಧವಾರವೂ. ಆರು ವಾರ ಓದಿದೆ. ಆಕೆ ದೇವರ ಜೊತೆ ಎಷ್ಟು ಸಲಿಗೆಯಿಂದ ಮಾತಾಡುತ್ತಿದ್ದರು! ಆಸ್ಪತ್ರೆಯ ಅನ್ನ ಗಟ್ಟಿ, ಹೊಸ ಮಾತ್ರೆ ಕೆಲಸ ಮಾಡುತ್ತಿದೆಯೋ ಏನೋ, ಭಾನುವಾರ ಗಂಡ ಹಾಡು ಹೇಳಿದರು. ಮಾತು ಜೋಡಿಸಲು ಬಾರದವರು ಅವರಲ್ಲ, ನಾನು. ಆದರೆ ಅದು ತಿಳಿಯುವ ಬುದ್ಧಿ ಆಗ ಎಲ್ಲಿತ್ತು?

ಜುಲೈ ಕೊನೆಗೆ ಊರಿನಿಂದ ಒಬ್ಬ ಹೆಸರಾಂತ ಬೋಧಕರು ಬಂದರು. ಅವರಿಗಾಗಿ ಚಾಳಿನ ಮೊಗಸಾಲೆಯಲ್ಲಿ ಚಾಪೆ ಹಾಸಿ ದೊಡ್ಡ ಕೂಟ. ದಾದರ್, ಮಾಟುಂಗದಿಂದಲೂ ಜನ. ಕಟ್ಟೆ ಹತ್ತಿ ನಿಂತವರು ಬೇರೆ. ನನ್ನ ಸರದಿ ಬಂತು. ಬೋಧಕರು ಬೆರಗಾಗಬೇಕು ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು. ದನಿ ಏರಿಸಿದೆ.

"ಕರ್ತನೇ, ಹಡಗಿನಲ್ಲಿದ್ದಾನೆ ಎಂದು ಮನುಷ್ಯರು ತಿಳಿದವನನ್ನು ನೀನು ವಡಾಲದಲ್ಲಿ ನೋಡುತ್ತಿದ್ದೀ. ಮಹಾರೋಗದಲ್ಲಿ ನರಳುವ ಬೆಂಜಮಿನನ ಎರಡು ಬೆರಳುಗಳನ್ನು ಉಳಿಸು. ಸುಳ್ಳು ಹೇಳಿದ ಆ ಸಹೋದರಿಯನ್ನು ಕ್ಷಮಿಸು!"

ಸುನಂದಕ್ಕನ ಗಂಟಲಿನಿಂದ ಒಂದು ಸಣ್ಣ ಶಬ್ದ ಬಂತು, ಬಿಸಿ ಪಾತ್ರೆ ಮುಟ್ಟಿದಾಗ ಬರುವಂಥದ್ದು. ಅವರು ಎದ್ದು ತಮ್ಮ ಖೋಲಿಗೆ ಹೋದರು. ಬೋಧಕರು ನನ್ನ ತಲೆಯ ಮೇಲೆ ಎರಡೂ ಕೈಯಿಟ್ಟು, "ಈ ಯುವಕನಿಗೆ ದೇವರು ಪ್ರಕಟಪಡಿಸಿದ್ದಾನೆ" ಎಂದರು. ಜನ ಅಳುತ್ತಿದ್ದರು. ನಾನೂ ಅತ್ತೆ. ಅಯ್ಯೋ ದೇವರೇ, ನಿಜವಾಗಿಯೂ ಅತ್ತೆ!

ಮರುದಿನ ಬೆಳಿಗ್ಗೆ ಮೂರನೆಯ ಮಹಡಿಯಿಂದ ಬಗ್ಗಿ ನೋಡಿದೆ. ಕೆಳಗೆ ನಲ್ಲಿಯ ಹತ್ತಿರ ಸುನಂದಕ್ಕನ ಬಿಂದಿಗೆಯನ್ನು ಯಾರೋ ಕೋಲಿನಿಂದ ಪಕ್ಕಕ್ಕೆ ಸರಿಸಿದ್ದರು. ಹೆಂಗಸರ ಮಾತು ಅಷ್ಟು ಮೇಲಕ್ಕೆ ಕೇಳಿಸುತ್ತಿರಲಿಲ್ಲ. ಆದರೆ ನಾನು ತುಟಿ ಓದಬಲ್ಲವನಲ್ಲವೇ? ಒಂದು ತುಟಿಯಿಂದ ಇನ್ನೊಂದಕ್ಕೆ ಒಂದೇ ಶಬ್ದ ದಾಟುತ್ತ ಹೋಯಿತು: ಮಹಾರೋಗ. ನನ್ನ ಶಬ್ದ. ಆ ವಾರವೇ ಹೆರಿಗೆ ಮನೆಯವರು ಅವರನ್ನು ಕೆಲಸದಿಂದ ಬಿಡಿಸಿದರು. ಚಾಳಿನ ಮಾಲೀಕರು ಖೋಲಿ ಬಿಡಿಸಿದರು. ನಮ್ಮ ಸಭೆಯವರು? ನಾವು ಅವರಿಗಾಗಿ ಬಹಳ ಪ್ರಾರ್ಥಿಸಿದೆವು, ದೂರದಿಂದ.

ನನಗೆ ಮಾತ್ರ ಸುಗ್ಗಿ. "ಪ್ರವಾದಿ ಸಾಮು" ಎಂದು ಹೆಸರಾಯಿತು. ಮಾಟುಂಗದ ಕುಟುಂಬಗಳು ಕರೆಕಳಿಸಿ, ಕಾಫಿ, ಇಡ್ಲಿ ಕೊಟ್ಟು, "ನಮ್ಮ ಬಗ್ಗೆ ದೇವರು ಎಂತ ಹೇಳ್ತಾನೆ?" ಎಂದು ಕೇಳಿದವು. ದೇವರು ಏನೂ ಹೇಳುತ್ತಿರಲಿಲ್ಲ. ನಾನು ಜನರ ತುಟಿ ನೋಡುತ್ತ ಕುಳಿತಿರುತ್ತಿದ್ದೆ. ನನ್ನ ಸ್ವಂತ ಪ್ರಾರ್ಥನೆ ಒಣಗಿತು. ಒಬ್ಬನೇ ಇದ್ದಾಗಲೂ ಸಭೆಯೆದುರು ನಿಂತಂತೆ ಸ್ವರ ಏರುತ್ತಿತ್ತು. ಒಂದು ದಿನ ಮಿಲ್ಲಿನ ಗೇಟಿನಲ್ಲಿ ನಾನು ಕಣ್ಣು ಮುಚ್ಚಿ ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದಾಗ ಗಣಪತ್ ಕೇಳಿದ: "ಅರೇ ಸಾಮ್ಯಾ, ದೇವ್ ಬಹಿರಾ ಆಹೇ ಕಾಯ್?" ನಿನ್ನ ದೇವರು ಕಿವುಡನೇನೋ ಎಂದು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಸೆಪ್ಟೆಂಬರಿನಲ್ಲಿ ನಮ್ಮ ಬೆಳೆಹಬ್ಬ. ಕಾಣಿಕೆಗೆ ಬಂದ ಅಕ್ಕಿಯಲ್ಲಿ ಒಂದು ಚೀಲವನ್ನು ಸುನಂದಕ್ಕನಿಗೆ ಕೊಡುವುದು ಎಂದಾಯಿತು. ಕೊಂಡುಹೋಗುವವರು ಯಾರು? ಎಲ್ಲರೂ ನೆಲ ನೋಡಿದರು. "ಪ್ರವಾದಿಗೆ ರೋಗ ತಾಗುದಿಲ್ಲ" ಎಂದು ಯಾರೋ ಅಂದರು. ಹಾಗೆ ಒಂದು ಭಾನುವಾರ ಬೆಳಿಗ್ಗೆ ಹೆಗಲ ಮೇಲೆ ಚೀಲ ಹೊತ್ತು ಆಂಟಾಪ್ ಹಿಲ್ಲಿನ ಕಡೆ ನಡೆದೆ. ಈಗ ಅಲ್ಲಿ ಕಾಲಿಡಲು ಜಾಗವಿಲ್ಲ. ಆಗ ಗುಡ್ಡದಾಚೆ ಉಪ್ಪಿನ ಗದ್ದೆಗಳು, ಅಂಚಿನಲ್ಲಿ ಹತ್ತೆಂಟು ತಗಡಿನ ಮನೆಗಳು. ಕೊನೆಯ ತಗಡಿನ ಬಾಗಿಲಲ್ಲಿ ಸುನಂದಕ್ಕ ಕುಳಿತು ಗಂಡನ ಅಂಗಿಗೆ ಗುಂಡಿ ಹಚ್ಚುತ್ತಿದ್ದರು.

ನನ್ನನ್ನು ಕಂಡು ಎದ್ದು ನಿಂತರು. "ಬನ್ನಿ ಪ್ರವಾದಿಗಳೇ," ಎಂದರು. ಆ ತನಕ ನನ್ನನ್ನು ಸಾಮು, ನೀನು ಎನ್ನುತ್ತಿದ್ದವರು! ಆ "ಬನ್ನಿ" ಚೀಲಕ್ಕಿಂತ ಭಾರವಾಗಿತ್ತು.

ಬೈಗುಳಕ್ಕೆ ತಯಾರಾಗಿ ಹೋಗಿದ್ದೆ. ಅವರು ಬೈಯಲಿಲ್ಲ. "ಕೆಲಸ ಹೋದ್ದು ಹೋಯ್ತು, ಖೋಲಿ ಹೋದ್ದು ಹೋಯ್ತು. ನಾನು ಸುಳ್ಳು ಹೇಳಿದ್ದೆ, ಸರಿ," ಎಂದರು. "ನನಗೆ ಒಂದೇ ಗೊತ್ತಾಗ್ಬೇಕು. ನಾನು ಸ್ವಾಮಿಗೆ ಗುಟ್ಟಲ್ಲಿ ಹೇಳಿದ್ದನ್ನು ಅವನು ನಿಮಗ್ಯಾಕೆ ಹೇಳಿದ? ಒಂದೊಂದು ಶಬ್ದ ನನ್ನದೇ. ಎರಡು ಬೆರಳು ಅಂತ ಕೂಡ. ಭೂಮಿ ಮೇಲೆ ನನಗೆ ಮಾತಾಡ್ಲಿಕ್ಕೆ ಒಬ್ಬನೇ ಇದ್ದ. ಅವನೂ ಬಾಯಿ ಬಿಟ್ಟ ಅಂದ್ಮೇಲೆ ನಾನು ಯಾರ ಹತ್ರ ಹೋಗುದು? ಎರಡು ತಿಂಗಳಾಯ್ತು, ಅವನ ಹತ್ರ ನಾನು ಮಾತು ಬಿಟ್ಟಿದ್ದೇನೆ."

ಅಕ್ಕಿಚೀಲ ಇಳಿಸಿ ಅದರ ಮೇಲೆಯೇ ಕುಳಿತೆ. ನಾನು ಕದ್ದದ್ದು ಗುಟ್ಟನ್ನಲ್ಲ. ಆಕೆಯ ದೇವರನ್ನೇ ಕದ್ದಿದ್ದೆ!

"ಅಕ್ಕಾ, ಅವನು ಹೇಳಲಿಲ್ಲ," ಎಂದೆ.

"ಎಂತ?"

"ದೇವರು ನನಗೆ ಏನೂ ಹೇಳಲಿಲ್ಲ. ನಾನು ನಿಮ್ಮ ತುಟಿ ಓದಿದೆ."

ಅವರಿಗೆ ಅರ್ಥವಾಗಲಿಲ್ಲ. ಮಗ್ಗದ ಶೆಡ್ಡು, ಗಣಪತ್, ಬಲ್ಬಿನ ಬೆಳಕು, ಆರು ಬುಧವಾರ ಎಲ್ಲವನ್ನೂ ತೊದಲುತ್ತ ಹೇಳಿದೆ. ಅವರು ನಂಬದೆ ನನ್ನನ್ನೇ ನೋಡಿದರು. ಆಮೇಲೆ ಹತ್ತು ಹೆಜ್ಜೆ ಹಿಂದೆ ಸರಿದು, ದನಿಯಿಲ್ಲದೆ ತುಟಿ ಮಾತ್ರ ಅಲ್ಲಾಡಿಸಿದರು.

"ಹೇಳಿ ನೋಡುವ. ಈಗ ಎಂತ ಹೇಳಿದೆ?"

"ಕತ್ತೆ ಅಂದಿರಿ."

ಇನ್ನೊಮ್ಮೆ ಅಲ್ಲಾಡಿಸಿದರು.

"ನಿನ್ನ ಮುಖಕ್ಕೆ ಸಗಣಿ ಅಂದಿರಿ."

ಸುನಂದಕ್ಕ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು. ಭುಜ ಕುಲುಕತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ. ಅಲ್ಲ, ನಗುತ್ತಿದ್ದರು! ಕಣ್ಣೀರು ಸುರಿಯುತ್ತ ನಗುತ್ತಿದ್ದರು! "ಅವನು ಹೇಳ್ಲಿಲ್ಲ! ಸ್ವಾಮಿ ಹೇಳ್ಲಿಲ್ಲ! ಅಯ್ಯೋ, ಅವನು ಹೇಳ್ಲೇ ಇಲ್ಲ!" ಎಂದು ಆ ಕೆಸರಿನಲ್ಲಿ ಅತ್ತಿಂದಿತ್ತ ನಡೆದರು. ನನ್ನ ಜೀವನದ ಅತಿ ನಾಚಿಕೆಯ ಮಾತು ಅವರಿಗೆ ಶುಭವರ್ತಮಾನವಾಗಿತ್ತು. ಅಂಥ ಸಂತೋಷವನ್ನು ನಾನು ಯಾವ ಕ್ರಿಸ್ಮಸ್ಸಿನಲ್ಲೂ ಯಾರ ಮುಖದಲ್ಲೂ ಕಂಡಿಲ್ಲ.

ಆಮೇಲೆ ಥಟ್ಟನೆ ನಿಂತು ನನ್ನ ಹತ್ತಿರ ಬಂದು ಕೆನ್ನೆಗೆ ಒಂದು ಬಿಗಿದರು. ಚೆನ್ನಾಗಿಯೇ ಬಿಗಿದರು. "ಇದು ಕೋಲಿನಿಂದ ದೂಡಿದ ಆ ಬಿಂದಿಗೆಗೆ," ಎಂದರು. "ಈಗ ಆಚೆ ಹೋಗಿ ಗದ್ದೆ ಕಡೆ ಮುಖ ಮಾಡಿ ಕೂತ್ಕೋ. ನನಗೆ ಅವನ ಹತ್ರ ಎರಡು ತಿಂಗಳ ಮಾತು ಉಂಟು. ತಿರುಗಿ ನೋಡಿದ್ರೆ ಜಾಗ್ರತೆ!"

ಕೂತ್ಕೋ! ಮತ್ತೆ "ನೀನು" ಆಗಿದ್ದೆ ನಾನು.

ಬೆನ್ನು ತಿರುಗಿಸಿ ಬದುವಿನ ಮೇಲೆ ಕುಳಿತೆ. ಮಳೆಗಾಲದಲ್ಲಿ ಉಪ್ಪಿನ ಗದ್ದೆಯಲ್ಲಿ ಕೆಲಸವಿಲ್ಲ. ಗದ್ದೆಯಿಂದ ಗದ್ದೆಗೆ ಬೂದು ನೀರು, ಅದರಲ್ಲಿ ಆಕಾಶ, ಕಾಲೂರಿ ನಿಂತ ಬಿಳಿ ಹಕ್ಕಿಗಳು. ದೂರದಲ್ಲಿ ಎಲ್ಲೋ ಒಂದು ಲೋಕಲ್ ರೈಲು ಹೋದ ಸದ್ದು ಬಂದು ಕರಗಿತು. ಪ್ರಾರ್ಥಿಸೋಣ ಎಂದು ಬಾಯಿ ತೆರೆದೆ. ಯಾರಿಗಾಗಿ? ಕೇಳಲು ಯಾರೂ ಇರಲಿಲ್ಲ. ಹಕ್ಕಿಗಳಿಗೆ ನನ್ನ ಸ್ವರದ ಏರಿಳಿತ ಬೇಕಾಗಿರಲಿಲ್ಲ. ಬಾಯಿ ಮುಚ್ಚಿದೆ. ತುಟಿಯೂ ಅಲ್ಲಾಡದಂತೆ ನಾಲಗೆಯನ್ನು ಹಲ್ಲಿನ ಹಿಂದೆ ಒತ್ತಿ ಹಿಡಿದೆ. ಮೊದಲು ಹೆದರಿಕೆಯಾಯಿತು. ಮಾತು ನಿಂತರೆ ನಾನೇ ಇಲ್ಲವಾಗುತ್ತೇನೆ ಎಂಬಂಥ ಹೆದರಿಕೆ. ಕಾದೆ. ನೀರಿನ ಮೇಲೆ ಗಾಳಿ ಬಂತು, ಹೋಯಿತು. ಎಷ್ಟು ಹೊತ್ತಿಗೋ ಒಂದು ಸಂಗತಿ ಗಮನಕ್ಕೆ ಬಂತು. ನಾನು ಒಬ್ಬನೇ ಕುಳಿತಿರಲಿಲ್ಲ. ಯಾರೋ ನನಗಿಂತ ಮೊದಲೇ ಬಂದು ಅಲ್ಲಿ ಸುಮ್ಮನೆ ಕುಳಿತಿದ್ದರು. ನನ್ನ ಗದ್ದಲ ಮುಗಿಯಲಿ ಎಂದು ಇಪ್ಪತ್ತಮೂರು ವರ್ಷ ಕಾದು ಕುಳಿತಿದ್ದರು! ಎದ್ದು ಓಡಬೇಕು, ಕೂಗಬೇಕು ಎನಿಸಿತು. ಕೂಗಲಿಲ್ಲ. ಅದೇ ನನ್ನ ಮೊದಲ ಪ್ರಾರ್ಥನೆ.

ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಆಂಟಾಪ್ ಹಿಲ್. ಅವರು ಮನೆಯ ಕಡೆ ಮುಖ ಮಾಡಿ, ನಾನು ಗದ್ದೆಯ ಕಡೆ ಮುಖ ಮಾಡಿ, ಬೆನ್ನಿಗೆ ಬೆನ್ನು ಹಾಕಿ ಒಂದು ಗಂಟೆ. ಆಮೇಲೆ ಅಂಗಿ, ಗಂಜಿಯ ಡಬ್ಬಿ ಹಿಡಿದು ವಡಾಲಕ್ಕೆ. ಮೊದಲ ದಿನ ಬೆಂಜಮಿನಣ್ಣ ಕಂಪೌಂಡಿನ ಬೇವಿನ ಮರದ ಕೆಳಗೆ ಕುಳಿತಿದ್ದವರು ಸಲಾಮು ಹೊಡೆದು, "ಬನ್ನಿ ಪ್ರವಾದಿಗಳೇ, ನನ್ನ ಹಡಗು ಹತ್ತಿ. ಅನ್ನ ಗಟ್ಟಿ ಉಂಟು, ಆದ್ರೆ ಮುಳುಗುದಿಲ್ಲ!" ಎಂದರು. ನಾನು ಅವರ ಕಾಲಿಗೆ ಬೀಳಲು ಹೋದರೆ, "ಬೇಡ ಮಾರಾಯ, ಆ ಬೆರಳುಗಳು ಬಹಳ ನಾಜೂಕು" ಎಂದು ನಕ್ಕರು.

ಮಿಲ್ಲಿನಲ್ಲಿ ಇನ್ನೊಂದು ಅಚ್ಚರಿ ಕಾದಿತ್ತು. ಕೋಣೆಯ ಬಾಗಿಲು ಮುಚ್ಚಿಕೊಂಡು ಗುಟ್ಟಾಗಿ ಪ್ರಾರ್ಥಿಸಿರಿ ಎಂದು ಯೇಸುಸ್ವಾಮಿ ಹೇಳಿದ್ದು ನನಗೆ ಯಾವಾಗಲೂ ತಮಾಷೆಯಾಗಿ ಕಾಣುತ್ತಿತ್ತು. ಐದು ಜನ ಮಲಗುವ ಖೋಲಿಯಲ್ಲಿ ಮುಚ್ಚುವ ಬಾಗಿಲು ಯಾವುದು? ಒಂದು ದಿನ ಎರಡು ಮಗ್ಗಗಳ ನಡುವೆ ನಿಂತು ಹರಿದ ನೂಲು ಸೇರಿಸುತ್ತಿದ್ದೆ. ಸುತ್ತ ಆ ಭಯಂಕರ ಅಬ್ಬರ. ತುಟಿ ಮುಚ್ಚಿದೆ, ಯಾರ ತುಟಿಯನ್ನೂ ನೋಡದೆ ನೂಲನ್ನೇ ನೋಡಿದೆ. ಉಪ್ಪಿನ ಗದ್ದೆಯ ಅದೇ ನಿಶ್ಶಬ್ದ ಅಲ್ಲಿ ಬಂದು ನಿಂತಿತು! ಲಾಳಿಗಳ ನಟ್ಟನಡುವೆ! ಕೋಣೆ ಒಳಗೇ ಇತ್ತು, ಬಾಗಿಲೂ ಇತ್ತು. ಗಣಪತ್ ನನ್ನ ಮುಖ ನೋಡಿ ತುಟಿಯಲ್ಲಿ ಕೇಳಿದ: "ಮದುವೆ ನಿಶ್ಚಯ ಆಯಿತೇನೋ?" ನಾನು ತಲೆಯಾಡಿಸಿ ನಕ್ಕೆ. ಆ ಸಂತೋಷವನ್ನು ಯಾವ ತುಟಿಯಲ್ಲಿ ಹೇಳಲಿ?

ಆದರೆ ಸಭೆಯ ಮುಂದೆ ನಿಂತು ನಿಜ ಹೇಳಲಿಲ್ಲ. ಇದು ನನ್ನ ಎರಡನೆಯ ಪಾಪ, ಮೊದಲನೆಯದಕ್ಕಿಂತ ಉದ್ದವಾದದ್ದು. "ನನಗೆ ಹೇಳಿದೆಯಲ್ಲ, ನನಗಷ್ಟು ಸಾಕು. ಉಳಿದದ್ದು ನಿನ್ನ ಮತ್ತು ಅವನ ಮಧ್ಯೆ" ಎಂದಿದ್ದರು ಸುನಂದಕ್ಕ. ನಾನು ಆ ಮಾತಿನ ಹಿಂದೆ ಅಡಗಿಕೊಂಡೆ. ಕೂಟದಲ್ಲಿ ದನಿ ಎತ್ತಿ ಪ್ರಾರ್ಥಿಸುವುದನ್ನು ಬಿಟ್ಟೆ. ನನ್ನ ಸರದಿ ಬಂದಾಗ ಪಕ್ಕದವರ ಮೊಣಕೈ ಮುಟ್ಟುತ್ತಿದ್ದೆ. ಜನ ಏನು ತಿಳಿದರು ಗೊತ್ತೇ? "ಪ್ರವಾದಿ ಈಗ ಇನ್ನೂ ಆಳಕ್ಕೆ ಹೋಗಿದ್ದಾರೆ" ಎಂದು! ಗೌರವ ಇಮ್ಮಡಿಯಾಯಿತು. ಸಭಾಹಿರಿಯನನ್ನಾಗಿ ಮಾಡಿದರು. ಆಕೆಯ ಮೌನಕ್ಕೆ ಮಾತು ಬಾರದವಳು ಎಂಬ ಹೆಸರು, ನನ್ನ ಮೌನಕ್ಕೆ ಹಿರಿತನ. ನಲವತ್ತಕ್ಕೂ ಹೆಚ್ಚು ವರ್ಷ ಆ ಕುರ್ಚಿಯಲ್ಲಿ ಕುಳಿತೆ. ಸಹೋದರ ಸಹೋದರಿಯರೇ, ಈಗ ಎದ್ದಿದ್ದೇನೆ.

ಹೊಸ ಮಾತ್ರೆಗಳು ಕೆಲಸ ಮಾಡಿದವು. ಮೂರು ವರ್ಷದ ಮೇಲೆ ಡಾಕ್ಟರು ಬೆಂಜಮಿನಣ್ಣನನ್ನು ಬಿಟ್ಟರು. ಎಡಗೈಯಲ್ಲಿ ಎರಡಲ್ಲ, ಮೂರು ಬೆರಳು ಉಳಿದಿದ್ದವು! ಇಬ್ಬರೂ ಊರಿಗೆ ಹೊರಟರು. ಬೀಳ್ಕೊಡಲು ದಾದರ್ ಸ್ಟೇಷನ್ನಿಗೆ ಹೋದವನು ನಾನೊಬ್ಬನೇ. ಅವರನ್ನು ಕಿಟಕಿಯ ಹತ್ತಿರ ಕೂರಿಸಿ, ಟ್ರಂಕು ಒಳಗೆ ತಳ್ಳಿ, ಪ್ಲಾಟ್‌ಫಾರ್ಮಿನಲ್ಲಿ ನಿಂತೆ. ಸುನಂದಕ್ಕ ಎಂದಿನಂತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. ನನ್ನನ್ನು ಕಂಡಾಗಲೆಲ್ಲ ಹಾಗೆ ಕೆಣಕುವುದು ಅವರ ಅಭ್ಯಾಸ. ಅವರ ತುಟಿ ಅಲ್ಲಾಡಿದರೆ ತಲೆ ತಗ್ಗಿಸುವುದು ನನ್ನ ಅಭ್ಯಾಸ.

ರೈಲು ಅಲುಗಿತು. ಅದೇ ಹೊತ್ತಿಗೆ ಪಕ್ಕದ ಹಳಿಯಲ್ಲಿ ಒಂದು ಲೋಕಲ್ ಧಡಧಡನೆ ನುಗ್ಗಿತು. ಮಗ್ಗದ ಶೆಡ್ಡಿನಂಥ ಅಬ್ಬರ. ಸುನಂದಕ್ಕ ಏನೋ ಹೇಳಲು ಹೊರಟದ್ದು ಕಂಡು ನಾನು ತಲೆ ತಗ್ಗಿಸಿದೆ. ಕಣ್ಣಂಚಿನಲ್ಲಿ ಬೆಂಜಮಿನಣ್ಣನ ಮೂರು ಬೆರಳಿನ ಕೈ ಜೋರಾಗಿ ಬೀಸುವುದು ಕಾಣಿಸಿತು: ನೋಡು, ಇಲ್ಲಿ ನೋಡು! ತಲೆಯೆತ್ತಿದೆ. ಸುನಂದಕ್ಕ ಸೆರಗನ್ನು ಸರಿಸಿದ್ದರು. ಬೆಳಕಿಗೆ ಮುಖ ಮಾಡಿ, ನನಗೆ ಚೆನ್ನಾಗಿ ಕಾಣುವಂತೆ, ದನಿಯಿಲ್ಲದೆ, ನಿಧಾನವಾಗಿ ತುಟಿ ಅಲ್ಲಾಡಿಸಿದರು. ನಾನು ರೈಲಿನ ಜೊತೆ ಓಡುತ್ತ ಕೊನೆಯ ಶಬ್ದದವರೆಗೂ ಓದಿದೆ. ಅಷ್ಟು ಸ್ಪಷ್ಟವಾಗಿ ನನ್ನೊಡನೆ ಯಾರೂ ಎಂದೂ ಮಾತಾಡಿರಲಿಲ್ಲ.

ಏನೆಂದರು? ಸ್ಮರಣಸಂಚಿಕೆಯವರು ಕ್ಷಮಿಸಬೇಕು. ಅದನ್ನು ಬರೆಯುವುದಿಲ್ಲ.